ಕ್ಲಚ್ಚಿನ ಮೇಲೆ ಎರಡು ಬೆರಳು

ಗ್ರಿಮ್ಸ್‌ಬಿಯಿಂದ ತಂದ ಮೀನಿನ ಹಾಗೆ
ಹಳೇ ಟವೆಲಿನಲ್ಲಿ ಸುತ್ತಿ ತಂದು
ಸಿಲಿಂಡರನ್ನು ನನ್ನ ಬೆಂಚಿನ ಮೇಲಿಟ್ಟ ನೆವಿಲ್ ಹ್ಯಾಕ್ಸ್‌ಬಿ.
"ಮತ್ತೆ ಕಚ್ಚಿಕೊಂಡಿತು ಬೆವ್,
ಬ್ರಿಗ್ ದಾಟಿದ ಮೇಲೆ, ಇಳಿಜಾರಿನಲ್ಲಿ,
ಥ್ರಾಟಲ್ ಮುಚ್ಚಿದ್ದೇ ತಡ."

ಒಳಗೆ ಬೆರಳಾಡಿಸಿದೆ.
ಪಿಸ್ಟನ್ನಿನ ಬಿಳಿ ಲೋಹ ಗೋಡೆಗೆ ಮೆತ್ತಿತ್ತು,
ಎಕ್ಸಾಸ್ಟ್ ಬಾಯಿಯ ಆಚೀಚೆ ನಾಲ್ಕು ಗೀರು.
ಎಪ್ಪತ್ತೊಂಬತ್ತರಿಂದ ಇದೇ ಲ್ಯಾಂಬ್ರೆಟಾ, ಇದೇ ಕಬ್ಬಿಣ.
ಮೊದಲ ಸಲ ಕೊರೆದವನು ನನ್ನಪ್ಪ.
ಆಮೇಲಿನ ಮೂರು ಸಲ ನಾನು.
ಪ್ರತಿ ಸಲವೂ ಇದ್ದಿಲಿನಂಥ ಕಪ್ಪು ಪುಡಿ,
ಮೂರು ದಿನ ಉಗುರಿನಿಂದ ಹೋಗದ ವಾಸನೆ.

ಗಾಯವನ್ನು ಕೆರೆದು ತೆಗೆ,
ಅದರ ಹಿಂದೆ ಹೊಸ ಗೋಡೆ ಇರುತ್ತದೆ.
ಕ್ಷಮಿಸುತ್ತದೆ ಕಬ್ಬಿಣ,
ಕ್ಷಮಿಸಿದಷ್ಟೂ ತೆಳ್ಳಗಾಗುತ್ತದೆ.
ಅಳೆದೆ. ಐದನೆಯದಕ್ಕೆ ಉಳಿದಿರಲಿಲ್ಲ.

ಅಟ್ಟಣಿಗೆಯಿಂದ ಇನ್ನೊಂದನ್ನು ಇಳಿಸಿಕೊಟ್ಟೆ,
ಅಲ್ಯುಮಿನಿಯಂ, ಇಟಲಿಯದು.
ಭಾರವಿರುತ್ತದೆಂದು ಬಿಗಿ ಹಿಡಿದ ಅವನ ಕೈ
ತಾನಾಗಿಯೇ ಮೇಲೆ ಹೋಯಿತು, ನಾಚಿತು.
"ಇದರಲ್ಲಿ ನಮ್ಮಮ್ಮ ಕೋಸು ಬೇಯಿಸುತ್ತಿದ್ದಳು" ಎಂದ.
ಮೂವತ್ತೊಂದು ವರ್ಷ ಉಕ್ಕಿನ ಕುಲುಮೆಯ ಮುಂದೆ ನಿಂತವನು,
ಹುಬ್ಬಿನ ಕೂದಲು ಎರಡು ಸಲ ಸುಟ್ಟುಕೊಂಡವನು,
ಸ್ಕಂಥಾರ್ಪಿನಲ್ಲಿ ಕುಳಿತು
ಬೇರೆ ಲೋಹದ ಹೆಸರೆತ್ತುವುದೇ
ಮನೆಯೊಳಗೆ ಚಪ್ಪಲಿ ಮೆಟ್ಟಿದ ಹಾಗೆ ಅವನಿಗೆ.

ಕೇಳು, ಎಂದೆ.
ಪಿಸ್ಟನ್ ಹುಟ್ಟಿದ ಮನೆ ಅಲ್ಯುಮಿನಿಯಂ,
ಕೊಟ್ಟ ಮನೆ ಕಬ್ಬಿಣ.
ಬಿಸಿಯೇರಿದರೆ ಅವಳು ಹಿಗ್ಗಿದಷ್ಟು
ಆ ಮನೆ ಹಿಗ್ಗುವುದಿಲ್ಲ.
ನಿಧಾನ ಓಡುತ್ತಿದ್ದ ಕಾಲಕ್ಕೆ
ನಡುವೆ ಬಿಟ್ಟ ಕೂದಲೆಳೆ ಸಾಕಿತ್ತು.
ನೀನು ಪೋರ್ಟು ಅಗಲಿಸಿದೆ,
ಕಾರ್ಬುರೇಟರ್ ಮೂವತ್ತಕ್ಕೆ ಏರಿಸಿದೆ,
ಹೊಟ್ಟೆ ಊದಿದ ಸೈಲೆನ್ಸರ್ ಕಟ್ಟಿದೆ.
ಎರಡೆಳೆ ಬಿಟ್ಟರೆ ಬೆಳಗ್ಗೆ ಗಲಗಲ, ಒಂದೆಳೆ ಬಿಟ್ಟರೆ ಬ್ರಿಗ್.
ಇದಾದರೆ ಇಬ್ಬರೂ ಒಂದೇ ಕುಲ,
ಹೆಚ್ಚು ಕಡಿಮೆ ಜೊತೆಗೇ ಹಿಗ್ಗುತ್ತಾರೆ,
ಸೆಕೆಯನ್ನು ಗಾಳಿಗೆ ಬೇಗ ಬಿಟ್ಟುಕೊಡುತ್ತಾರೆ.

ಹೇಳದೆ ಬಿಡಬಹುದಾಗಿದ್ದ ಮಾತನ್ನೂ ಹೇಳಿದೆ:
ಒಳಗಡೆ ಇರುವುದು ನಿಕ್ಕಲ್ಲಿನ ಪೊರೆ ಅಷ್ಟೇ.
ಅದು ಎದ್ದುಹೋದ ದಿನ ನನ್ನ ಬಳಿ ತರಬೇಡ,
ಅಪ್ಪನ ಯಂತ್ರ ಇದನ್ನು ಮುಟ್ಟಲಾರದು.
ಎಲ್ಲರೂ ಇದನ್ನೇ ಕೊಂಡರೆ
ಆ ಯಂತ್ರದ ಮೇಲೆ ಬಟ್ಟೆ ಹೊದಿಸಿ
ನಾನು ಬೇಕರಿಯಲ್ಲಿ ಕೆಲಸ ಕೇಳಬೇಕು.

ಅವನು ತುಂಬ ಹೊತ್ತು ಸುಮ್ಮನಿದ್ದ.
ಎಂಬತ್ತಮೂರರಲ್ಲಿ ಹೀಗೇ ಕಚ್ಚಿದಾಗ
ಹಿಂದಿನ ಸೀಟಿನಲ್ಲಿ ಜ್ಯಾನಿಸ್ ಇದ್ದಳು.
ಅಂದಿನಿಂದ ಅವಳ ಮೊಣಕೈಯಲ್ಲೊಂದು ಸ್ಟೀಲಿನ ಪಟ್ಟಿ.
"ಆಸ್ಪತ್ರೆಯವರೂ ನಮ್ಮ ಪಾರ್ಟಿಯೇ"
ಎಂಬುದು ನಲವತ್ತು ವರ್ಷದ ಹಳೇ ಜೋಕು;
ಇವತ್ತು ಹೇಳಲಿಲ್ಲ.
ಅಂದಿನಿಂದ ಅವಳು ಸ್ಕೂಟರ್ ಹತ್ತಿಲ್ಲ.
ಅಂದಿನಿಂದ ಅವನ ಎಡಗೈಯ ಎರಡು ಬೆರಳು
ಕ್ಲಚ್ಚನ್ನು ಬಿಟ್ಟಿಲ್ಲ.

ದುಡ್ಡನ್ನು ಎರಡು ಕಂತಿನಲ್ಲಿ ಕೊಟ್ಟ.

ಮೇ ತಿಂಗಳು, ಭಾನುವಾರ ಸಂಜೆ, ನನ್ನ ಮನೆ ಬಾಗಿಲಲ್ಲಿ
ರೆಕ್ಕೆಗಳ ಹೊಸ ಗಿಣಿಗಿಣಿ.
ಹಂಬರ್ ಸೇತುವೆ ದಾಟಿ ಬ್ರಿಡ್ಲಿಂಗ್ಟನ್ನಿಗೆ ಹೋಗಿ ಬಂದಿದ್ದ,
ಮುಖದಲ್ಲಿ ಉಪ್ಪುಗಾಳಿ, ಕನ್ನಡಕದಲ್ಲಿ ನೊಣ.
"ಕಚ್ಚಲಿಲ್ಲ" ಎಂದ,
ಯಾರ ಮೇಲೋ ದೂರು ಕೊಡುವ ದನಿಯಲ್ಲಿ.
"ಸದ್ದು ಚೆನ್ನಾಗಿಲ್ಲ" ಎಂದ.
"ಇಡೀ ದಾರಿ ಕಾದೆ" ಎಂದ.

ಎಂಜಿನ್ ಆರಿಸಿ ಆಗಿತ್ತು.
ಆ ಎರಡು ಬೆರಳು ಬರಿಗಾಳಿಯಲ್ಲಿ
ಇನ್ನೂ ಕೊಕ್ಕೆಯಾಗಿಯೇ ಇದ್ದವು.
ಇಬ್ಬರೂ ನೋಡಿದೆವು.
ಅವನು ಕೈಯನ್ನು ಜೇಬಿಗಿಟ್ಟುಕೊಂಡು
ಹಳೇ ಸಿಲಿಂಡರ್ ವಾಪಸು ಕೇಳಿದ.

ಕೊಡುವುದಿಲ್ಲ, ಎಂದೆ.
ಪೂರ್ವದ ಗಾಳಿ ಬೀಸಿದಾಗ
ಅಂಗಡಿಯ ಬಾಗಿಲಿಗೆ ಒತ್ತಾಗಿ ಇಟ್ಟಿದ್ದೇನೆ.
ಇಟಲಿಯದು ಇದ್ದರೆ ಜಾರಿಕೊಂಡು ಹೋಗುತ್ತಿತ್ತು.