ಉಪ್ಪು ತಿಂದ ಹೊಳೆ

ಮೂರು ಕಿಲೋ ಉಪ್ಪು ಬಕೆಟ್ಟಿನಲ್ಲಿ ಕದಡಿ
ಮುರ್ಜಾ ಮೇಲಿನ ಬಂಡೆಯಿಂದ ಸುರಿದ.
ನೂರು ಮೀಟರು ಕೆಳಗೆ, ಸ್ವಾನೇತಿಯ ಹಿಮನೀರಲ್ಲಿ
ಮೊಣಕಾಲು ಮರಗಟ್ಟಿ, ಮಾಪಕ ಹಿಡಿದು ನಾನು.
ಅಂಕಿ ಏರಿತು, ತಡೆಯಿತು, ನಿಧಾನ ಇಳಿಯಿತು.
ಆ ಗೆರೆಯಡಿಯ ಜಾಗದಲ್ಲಿ ಹೊಳೆಯ ಲೆಕ್ಕ:
ಸೆಕೆಂಡಿಗೆ ಎರಡೂಕಾಲು ಘನ ಮೀಟರು.
ಜೂನಿನ ಮಾತು ಇದು.

ಅಣೆಕಟ್ಟಿಲ್ಲ, ಮುಳುಗಡೆಯಿಲ್ಲ, ಹಳ್ಳಿಯವರಿಗೆ ಹೇಳಿದೆ,
ಹೊಳೆಯನ್ನು ಬರೇ ಎರವಲು ಪಡೆಯುತ್ತೇವೆ;
ಮೂರು ಕಿಲೋಮೀಟರು ಕೊಳವೆಯಲ್ಲಿ ನಡೆಸಿ
ನೂರೆಂಬತ್ತು ಮೀಟರು ಬೀಳಿಸಿ
ಕೆಳಗೆ ಹಾಗೆಯೇ ಒಪ್ಪಿಸುತ್ತೇವೆ.

"ಆ ಮೂರರ ನಡುವೆ ನಾನಿದ್ದೇನೆ,"
ಅಂದಳು ನಾಜಿಬ್ರೋಲಾ,
ಹಿಟ್ಟು ಮೆತ್ತಿದ ಕೈಯಲ್ಲೇ ನೀರಗಿರಣಿಯ ಕದ ದೂಡಿ.
ಕದದ ಹಿಂದೆ ಇದ್ದಿಲ ಗೀರು,
ಬೀಸುಕಲ್ಲು ತಿರುಗದ ದಿನಕ್ಕೊಂದು.
ಅತ್ತೆ ಎಳೆದವು ಓರೆ, ಇವಳವು ನೆಟ್ಟಗೆ.
ನಲವತ್ತೊಂದು ಚಳಿಗಾಲ.

ನನ್ನಲ್ಲಿದ್ದದ್ದು ಹದಿನಾಲ್ಕು ತಿಂಗಳ ಅಂಕಿ,
ಮಿಕ್ಕದ್ದೆಲ್ಲ ಪಕ್ಕದ ಕಣಿವೆಯಿಂದ ಕಡ ತಂದ ಊಹೆ.
ಟಾರ್ಚು ಬಾಯಲ್ಲಿ ಕಚ್ಚಿ ರಾತ್ರಿಯೆಲ್ಲ ಎಣಿಸಿದೆ.
ಫೆಬ್ರವರಿ ನನ್ನ ಕೋಷ್ಟಕಕ್ಕಿಂತ ತೆಳ್ಳಗಿತ್ತು.
ಎರಡು ಟರ್ಬೈನು ಒಂದಾಯಿತು,
ಆ ಒಂದೂ ಮಾರ್ಚಿನವರೆಗೆ ಮಲಗುವಂಥದ್ದು.
ಮೀನಿಗೆಂದು ಬಿಟ್ಟ ಹತ್ತನೇ ಒಂದು ಪಾಲು
ಬೀಸುಕಲ್ಲನ್ನು ಅಲುಗಿಸಲೂ ಸಾಲದು.

ವರದಿಯಲ್ಲಿ ಆಕರ ಕಾಣಿಸಬೇಕು.
"ಬಾಗಿಲು" ಎಂದು ಬರೆದೆ.
ರಾಜಧಾನಿಯಲ್ಲಿ ನಗುತ್ತಾರೆ, ನಗಲಿ.

ಹೊರಡುವಾಗ ಉಳಿದ ಉಪ್ಪು ಕೇಳಿದಳು,
ಚೀಸಿನ ಮಡಕೆಗೆ. ಚೀಲವನ್ನೇ ಕೊಟ್ಟೆ.
ಉಪ್ಪು ತಿಂದದ್ದು ಹೊಳೆ;
ನೀರು ಕುಡಿಯುವ ಸರದಿ ಯಾರದೋ.