ಗಾಜಿನ ಗೂಡಿನಲ್ಲಿ ಕೊನೆಯ ಪಾಳಿ

(ತ್ಬಿಲಿಸಿ ಮೆಟ್ರೋ. ಎಸ್ಕಲೇಟರ್ ಕಾಯುವ ಮಝಿಯಾ, ಹೊಸದಾಗಿ ಕೆಲಸಕ್ಕೆ ಬಂದವಳೊಂದಿಗೆ)

ಕೂತುಕೋ ನೆಸ್ತಾನ್. ಆ ಕುರ್ಚಿಯ ಎಡಗಾಲು ಮೋಟು,
ಹಳೇ ರಸೀತಿ ಪುಸ್ತಕ ಆಸರೆ ಕೊಟ್ಟಿದ್ದೇನೆ, ಒದೆಯಬೇಡ.
ಉಣ್ಣೆಯ ಕಾಲುಚೀಲ ಎರಡು ಜೊತೆ ಬೇಕು, ಜುಲೈನಲ್ಲೂ.
ಈ ಆಳಕ್ಕೆ ಋತುಗಳು ಇಳಿಯುವುದಿಲ್ಲ.
ಯಾರದೋ ಭುಜದ ಮೇಲೆ ಒಂದಿಷ್ಟು ಹಿಮ,
ಕೊಡೆಯ ತುದಿಯಲ್ಲಿ ಒಂದಿಷ್ಟು ಮಳೆ, ಅಷ್ಟೇ.
ವಸಂತ ಬಂತೆಂದು ನನಗೆ ಗೊತ್ತಾಗುವುದು
ಹಸಿರು ಹುಳಿ ಪ್ಲಮ್ಮಿನ ಚೀಲಗಳು ಇಳಿಯತೊಡಗಿದಾಗ.

ಕೆಲಸವೇನು ಅಂದೆಯಲ್ಲ. ನೋಡುವುದು.
ಮೂರು ಸಾಲು ಮೆಟ್ಟಿಲು:
ಒಂದು ಮೇಲಕ್ಕೆ, ಒಂದು ಕೆಳಕ್ಕೆ, ಒಂದು ಸದಾ ರಿಪೇರಿಗೆ.
ಇಳಿಯುವವರ ಬೂಟು ಮೊದಲು ಕಾಣುತ್ತದೆ,
ಆಮೇಲೆ ಮೊಣಕಾಲು, ಕೈಚೀಲ, ಕೊನೆಗೆ ಮುಖ.
ಇಪ್ಪತ್ತಾರು ವರ್ಷ ಈ ಊರನ್ನು
ಪಾದದಿಂದ ತಲೆಗೆ ಓದಿದವಳು ನಾನು.
ಎರಡೂವರೆ ನಿಮಿಷದ ಇಳಿಜಾರು.
ಯಾರೂ ನೋಡುತ್ತಿಲ್ಲ ಅಂದುಕೊಂಡಿರುತ್ತಾರೆ.
ಅಳುತ್ತಾರೆ, ಸಾಲದ ಲೆಕ್ಕ ಹಾಕುತ್ತಾರೆ,
ಒಬ್ಬ ಮೇಷ್ಟರು ಹಲ್ಲುಸೆಟ್ಟು ತೆಗೆದು ಒರೆಸಿಕೊಳ್ಳುತ್ತಾರೆ,
ಕೆಳಗೆ ಬರುವಷ್ಟರಲ್ಲಿ ಎಲ್ಲರೂ ಸರಿಯಾಗಿರುತ್ತಾರೆ.

ಇದು ಕೆಂಪು ಗುಂಡಿ. ಮುಟ್ಟಬೇಡ, ಸುಮ್ಮನೆ ನೋಡು.
ಮಗುವಿನ ಮಫ್ಲರು ಹಲ್ಲಿಗೆ ಸಿಕ್ಕಾಗ ಒತ್ತಿದ್ದೇನೆ,
ಕುಡುಕನೊಬ್ಬ ಕುರಿಮರಿ ಹೊತ್ತು ಉರುಳಿದಾಗ ಒತ್ತಿದ್ದೇನೆ,
ಕುರಿ ಬದುಕಿತು, ಅವನೂ.
ಇನ್ನೊಂದು ಸಲ ಒತ್ತಿದೆ.
ದಾಖಲೆಯಲ್ಲಿ 'ಸರಪಳಿ ದೋಷ' ಅಂತಿದೆ,
ನನ್ನದೇ ಅಕ್ಷರ.

ಹನ್ನೊಂದು ವರ್ಷವಾಯಿತು. ಸಂಜೆ, ಗಿಜಿಗಿಜಿ ಜನ.
ಮೇಲೆ ಒಂದು ಜೊತೆ ಕಂದು ಬೂಟು ಕಂಡವು.
ಬಲಹಿಮ್ಮಡಿ ಸವೆದದ್ದು; ನಾನೇ ಮೋಚಿಯ ಹತ್ತಿರ ಒಯ್ದು
ತೇಪೆ ಹಾಕಿಸಿದ್ದು, ದಾರ ಮಾತ್ರ ಕಪ್ಪು.
ಅದೇ ಮೆಟ್ಟಿಲ ಮೇಲೆ, ಎದುರುಬದುರಾಗಿ,
ಹಸಿರು ಹೆಣ್ಣು ಬೂಟು. ತುದಿಗೆ ತುದಿ ತಾಗುವಷ್ಟು ಹತ್ತಿರ.
ಗೊದೆರ್ಜಿ ಆ ದಿನ ಗೋರಿಯಲ್ಲಿ
ಲಾರಿಗೆ ಸೇಬು ತುಂಬಿಸುತ್ತಿರಬೇಕಿತ್ತು.
ಮೊಣಕಾಲು ಬಂತು. ಕೋಟಿನ ಅಂಚು ಬಂತು.
ಮುಖ ಬರುವ ಮೊದಲೇ ಒತ್ತಿಬಿಟ್ಟೆ.

ಹೌದು, ಮೊದಲೇ. ನೋಡುವುದೇ ಕೆಲಸವಾದವಳು
ಒಂದು ಮುಖ ನೋಡಲಾರದೆ ಹೋದೆ.
ಬೂಟುಗಳು ಒಂದು ಗಳಿಗೆ ನಿಂತು, ತಿರುಗಿ,
ನಡೆದೇ ಮೇಲೆ ಹೋದವು, ನಾಲ್ಕೂ.

ಬಿದ್ದದ್ದು ವೆನೇರಾ. ಮೇಲೆ ಬಾಗಿಲ ಬಳಿ
ಸೂರ್ಯಕಾಂತಿ ಬೀಜ ಮಾರುತ್ತಾಳಲ್ಲ, ಅವಳು.
ಸೊಂಟದ ಮೂಳೆ. ಬೀಜವೆಲ್ಲ ಮೆಟ್ಟಿಲ ತುಂಬ,
ವಾರಗಟ್ಟಲೆ ಹಲ್ಲುಗಳ ನಡುವೆ ಕಟಕಟ ಅನ್ನುತ್ತಿದ್ದವು.
ಮೆಕ್ಯಾನಿಕ್ ವಾಝಾನ ಎರಡು ತಿಂಗಳ ಸಂಬಳ ಕತ್ತರಿಸಿದರು.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ನಾನು ಅವನಿಗೆ ಈಸ್ಟರಿಗೆ ಸಿಹಿರೊಟ್ಟಿ ಕೊಟ್ಟೆ.
ಅಷ್ಟೇ ಕೊಟ್ಟದ್ದು.

ರಾತ್ರಿ ಅವನು ಮನೆಗೆ ಬಂದ, ಒಂದು ಪೆಟ್ಟಿಗೆ ಸೇಬಿನೊಂದಿಗೆ.
ಸೇಬು ಇಲ್ಲಿಯ ಸಂತೆಯಲ್ಲೂ ಸಿಗುತ್ತದೆ. ನಾನು ಕೇಳಲಿಲ್ಲ.
ಕಚ್ಚಿದೆ. ಸಿಹಿಯಾಗಿತ್ತು, ಏನು ಮಾಡಲಿ.
ಬೂಟು ಬಾಗಿಲ ಹಿಂದೆ ಒದ್ದೆಯಾಗಿ ಕೂತಿತ್ತು.
ಗೋರಿಯಲ್ಲೂ ಮಳೆ ಅಂದ.

ದಿನಾ ಸಂಜೆ ಮೇಲೆ ಬಂದು ಕಾಯುತ್ತಾನೆ,
ನನ್ನ ಚೀಲ ಅವನೇ ಹೊರುತ್ತಾನೆ, ಪಾಪ.
ಆದರೆ ಒಮ್ಮೆಯೂ ಇಳಿದು ಬಂದಿಲ್ಲ ನೋಡು ಇಲ್ಲಿಗೆ.
ಆಳವೆಂದರೆ ತಲೆಸುತ್ತು, ಮೊದಲಿಂದಲೂ, ಅನ್ನುತ್ತಾನೆ.
ಮೊದಲಿಂದಲೂ ಹೌದಾ? ಎಷ್ಟು ತಡಕಾಡಿದರೂ ನೆನಪಾಗುವುದಿಲ್ಲ.

ಈ ಡ್ರಾಯರು ಜಗ್ಗಿ ಎಳೆಯಬೇಕು. ತುಂಬ ಬೀಜವೇ.
ವೆನೇರಾಳ ಹತ್ತಿರ ದಿನಕ್ಕೊಂದು ಲೋಟ ಕೊಳ್ಳುತ್ತೇನೆ,
ಚಿಲ್ಲರೆ ವಾಪಸು ಕೇಳುವುದಿಲ್ಲ.
ನಿನ್ನ ಕೈ ತಣ್ಣಗಿರಲಿ ಮಗಳೇ, ಅನ್ನುತ್ತಾಳೆ, ಈ ಕೈಗೆ.
ತಿನ್ನಲು ನನಗೆ ಆಗಲಿಲ್ಲ. ನಿನಗೆ ಹಸಿವಾದರೆ ತಿನ್ನು,
ಉಪ್ಪು ಹಾಕಿ ಹುರಿದದ್ದು, ಚೆನ್ನಾಗಿರಬೇಕು.

ಬೀಗದಕೈ ತಗೋ. ಹೊರಟೆ.
ಮೇಲೇರುವವರಲ್ಲಿ ತಲೆ ಮೊದಲು ಮಾಯವಾಗುತ್ತದೆ,
ಬೂಟು ಕೊನೆಗೆ. ನೋಡುತ್ತಿರು.
ಅಲ್ಲಿ ತುದಿಯಲ್ಲಿ, ನನ್ನದರ ಪಕ್ಕ,
ಇನ್ನೊಂದು ಜೊತೆ ಬಂದು ನಿಲ್ಲಬಹುದು.
ದಾರದ ಬಣ್ಣ ಕಂಡರೆ ಕಾಣಲಿ,
ನನಗೆ ಫೋನು ಮಾಡಬೇಡ.