ಇಪ್ಪತ್ನಾಲ್ಕು ಇಂಚಿನ ರಟ್ಟು

ಪಟ್ಟಿ ಬರದದ್ದು
ಕೆಟ್ಟ ಲಗ್ನಪತ್ರಿಕಿ ಹಿಂದ.
ವರನ ಹೆಸರಿನ್ಯಾಗ ಒತ್ತಕ್ಷರ ತಪ್ಪಿ
ನಾನ ಕೆಡಿಸಿದ್ದು, ಮುನ್ನೂರು ಪ್ರತಿ.
ಪಗಾರದಾಗ ಮುರಕೊಂಡ್ರು. ಹಂಗಾಗಿ ಹಾಳಿ ನಂದು.

ಪ್ರೊಸೆಸರ್, ಮದರ್‌ಬೋರ್ಡ್, ಹದಿನಾರು ಜಿಬಿ ರ‍್ಯಾಮ್,
ಗಾಜಿನ ಬಾಗಲದ ಕ್ಯಾಬಿನೆಟ್. ಅದಕ್ಕ ಕಾಟು ಹೊಡದೀನಿ.
ತಗಡಿಂದು, ಮುಂದ ಜಾಳಗಿ ಇದ್ದದ್ದು ಸಾಕು.
ಗದಗಿನ ಗಾಳಿ ಪುಕ್ಕಟೆ ಅಂತ ನಾ ಅಂದ್ರ
ಧೂಳೂ ಪುಕ್ಕಟೆ ಬರತೈತಿ ಅಂದ ದಸ್ತಗೀರ,
ಹುಬ್ಬಳ್ಳಿ ಕೊಪ್ಪೀಕರ ರಸ್ತೆಯ ಮಾಳಿಗಿ ಅಂಗಡ್ಯಾಗ
ಮಂದಿ ಹಳೇ ಕಾರ್ಡಿನ ಫ್ಯಾನು ಬ್ರಷ್ಶಿಲೆ ತಿಕ್ಕೋತ.
ನನ್ನ ಕಾರ್ಡೂ ಅಲ್ಲಿಂದ:
ಯಾವನೋ ಇಂಜಿನಿಯರಿಂಗ್ ಹುಡುಗ
ಪರೀಕ್ಷಿಗೆ ಹೆದರಿ ಮಾರಿಹೋದದ್ದು, ವಾರಂಟಿ ತೀರಿದ್ದು.
"ಪವರ್ ಸಪ್ಲೈಕ್ಕ ಮಾತ್ರ ಜಿಪುಣತನ ಬ್ಯಾಡ ಅಕ್ಕಾ,
ಬೆಟಗೇರಿ ಕರೆಂಟ್ ನಾ ಬಲ್ಲೆ, ನಮ್ಮ ಸೋದರತ್ತಿ ಮನಿ ಅಲ್ಲೇ ಐತಿ."

"ತಮ್ಮಗೇನವ್ವಾ?" ಅಂತಾರ ಕೇಳಿದವರೆಲ್ಲ.
ನನಗ.
ಇಪ್ಪತ್ತೊಂಬತ್ತು ನನಗ.
ಹಗಲೆಲ್ಲಾ ಕುಂತು ಮಂದಿ ಲಗ್ನ ಜೋಡಸ್ತೀನಿ,
ಅಕ್ಷರಕ್ಕ ಅಕ್ಷರ.
ರಾತ್ರಿ ಒಂದು ಕಾಡಿನ್ಯಾಗ ಒಬ್ಬಾಕಿನ
ಬಿಲ್ಲು ಹಿಡಕೊಂಡು ಅಡ್ಡಾಡಬೇಕಾಗೈತಿ.

ಎಲ್ಲಾ ಹೊಂದಿತು, ಮಾನಿಟರಿಗೆ ಬಂದು ನಿಂತಿತು.
ನನ್ನ ಕಣ್ಣು ಇಪ್ಪತ್ತೇಳು ಇಂಚಿನ ಮ್ಯಾಲ.
ಅಪ್ಪ ಅಡಕಿ ಕತ್ತರಸ್ಕೋತ ಕೇಳಿದ:
"ಹಾಸಿಗೆ ಎಷ್ಟು ಎಳಿ? ಹೊಕ್ಕಿಗೆ ಎಷ್ಟು?"
ಎರಡು ಸಾವಿರದ ಐನೂರಾ ಅರವತ್ತು. ಸಾವಿರದ ನಾಕ್ನೂರಾ ನಲವತ್ತು.
"ಸಣ್ಣದಕ್ಕ?"
ಸಾವಿರದ ಒಂಬೈನೂರಾ ಇಪ್ಪತ್ತು. ಸಾವಿರದ ಎಂಬತ್ತು.
ಬಾಯಾಗ ಗುಣಸಿದ,
ಮೂವತ್ತೊಂದು ವರ್ಷ ಫಣಿ ಎಣಸಿದ ಬಾಯಿ.
"ಅಂದ್ರ ದೊಡ್ಡದರಾಗ ಒಂದೂಮುಕ್ಕಾಲು ಪಟ್ಟು ನೇಯ್ಗಿ.
ನೇಯಾಂವ ಯಾರು?"
ಕಾರ್ಡು.
"ಆ ದಸ್ತಗೀರನ ಹಳೇ ಕಾರ್ಡು?"
ಹೂಂ.
"ಲಾಳಿ ಎಷ್ಟು ಸಲ ಓಡಬೇಕು?"
ನೂರಾ ನಲವತ್ನಾಕು ಅಂತ ಆಶಾ. ಸೆಕೆಂಡಿಗೆ.
ಅಡಕೊತ್ತು ನಿಂತಿತು.
"ಸೆಕೆಂಡಿಗೆ?"
ಎಷ್ಟೋ ಹೊತ್ತಿನ ಮ್ಯಾಲೆ:
"ಸಾಯತಾನವ್ವಾ ಅಂವಾ."

ಮರುದಿನ ಪ್ರೆಸ್ಸಿನ್ಯಾಗ, ಊಟದ ಹೊತ್ತಿಗೆ
ಕಟಿಂಗ್ ಮಶಿನ್ನಿಗೆ ಬೂದಿಬಣ್ಣದ ರಟ್ಟು ಕೊಟ್ಟೆ.
ಇಪ್ಪತ್ತೊಂದು ಅಡ್ಡ, ಹನ್ನೆರಡು ಉದ್ದ,
ಮೂಲಿಯಿಂದ ಮೂಲಿಗೆ ಇಪ್ಪತ್ನಾಲ್ಕು, ಕೂದಲೆಳಿ ಹೆಚ್ಚು.

ಮಗ್ಗ ಮಾರಿ ಆರು ವರ್ಷಾತು. ಕುಣಿ ಹಂಗ ಐತಿ,
ಮುಚ್ಚಾಕ ಅಪ್ಪ ಒಪ್ಪಿಲ್ಲ,
ಅವ್ವ ಅದರಾಗ ಉಳ್ಳಾಗಡ್ಡಿ ಇಡತಾಳ.
ಅದರ ದಂಡಿ ಮ್ಯಾಲ ಹಲಗಿ ಹಾಕಿ
ಕಾಲು ಇಳಿಬಿಟ್ಟು ಕುಂತೆ.
ಗ್ವಾಡಿಗೆ ರಟ್ಟು,
ಕಣ್ಣಿಂದ ಒಂದು ಮೊಳದ ಮ್ಯಾಲ ಒಂದು ಗೇಣು.
ಸಾಕು.
ಇಲ್ಲ, ಸಾಕಂತಲ್ಲ. ಇಪ್ಪತ್ತೇಳರ ಆಶಾ ಇನ್ನೂ ಐತಿ
ಹಲ್ಲಿನ ಸಂದ್ಯಾಗಿನ ಅಡಕಿಚೂರಿನಂಗ.
ಆದರ ನೇಯಾಂವ ಉಸರಾಡಬೇಕಲ್ಲ.

ಇನ್ನೂ ನಾಕು ಸಾವಿರದ ಎರಡನೂರು ಕೂಡಬೇಕು.
ಒಂದು ಸೀಜನ್ ಲಗ್ನ,
ಒತ್ತಕ್ಷರ ತಪ್ಪದಂಗ.

ಸಂಜಿಕ ಅಪ್ಪ ಬಂದು ಬಾಜೂಕ ಕುಂತ.
ಅವನ ಕಾಲೂ ಕುಣಿಯಾಗ ಇಳದು
ಇಲ್ಲದ ತುಳಿಮಣಿ ಹುಡುಕಿ
ಉಳ್ಳಾಗಡ್ಡಿಗೆ ತಾಗಿದವು.
ಇಬ್ಬರೂ ರಟ್ಟು ನೋಡಿದಿವಿ.
ಅಷ್ಟರಾಗ ಕರೆಂಟ್ ಹೋತು,
ಓಣ್ಯಾಗಿನ ಟಿವಿ ಎಲ್ಲಾ ಒಮ್ಮೆಲೆ ಸುಮ್ಮಾದವು.
"ನಿಂದು ಆರಲಿಲ್ಲ ನೋಡ," ಅಂದ.